ಹಳೆಯ ಪ್ಯಾರಾಫಿನ್ ಬ್ಲಾಕಿನಲ್ಲಿ ಆರ್‌ಎನ್‌ಎ ಉಳಿದಿರುತ್ತದೆಯೇ?

ಪ್ರಶ್ನೆ: ಆರು ವರ್ಷ ಹಳೆಯ ಸ್ತನ ಕ್ಯಾನ್ಸರ್ ಬ್ಲಾಕುಗಳಿಂದ (ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಹುದುಗಿಸಿದ ಅಂಗಾಂಶ) ಆರ್‌ಎನ್‌ಎ ತೆಗೆದೆವು. ಆರ್‌ಎನ್‌ಎ ಎಷ್ಟು ಮುರಿಯದೆ ಉಳಿದಿದೆ ಎಂದು 10ಕ್ಕೆ ಅಳೆಯುವ ರಿನ್ ಅಂಕ ಬರೀ 2.3. ಜೀನ್ ತುಣುಕನ್ನು ನಕಲಿಸಿ ಹೆಚ್ಚಿಸುವ ಪಿಸಿಆರ್‌ನಲ್ಲಿ ಈಸ್ಟ್ರೊಜನ್ ರಿಸೆಪ್ಟರ್‌ನ ಇಎಸ್‌ಆರ್1 ಜೀನ್ ಕೂಡ ಸರಿಯಾಗಿ ಕಾಣಲಿಲ್ಲ. ಬ್ಲಾಕು ಕೈಬಿಡುವುದೇ?
– ಪೆಥಾಲಜಿ ವಿದ್ಯಾರ್ಥಿನಿ

ಉತ್ತರ: ಈಗಲೇ ಬೇಡ. ಫಾರ್ಮಲಿನ್‌ನಲ್ಲಿಟ್ಟ ಅಂಗಾಂಶದ ಆರ್‌ಎನ್‌ಎ ತುಂಡಾಗಿ, ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ರಿನ್ ಕಡಿಮೆ ಬರುವುದು ಸಹಜ. ಡಿವಿ200 ನೋಡಿ, ಅಂದರೆ 200 ನ್ಯೂಕ್ಲಿಯೊಟೈಡ್‌ಗಿಂತ (ಆರ್‌ಎನ್‌ಎ ಸರಪಳಿಯ ಕೊಂಡಿ, ಬೇಸ್ ಎಂದೂ ಎಣಿಸುತ್ತಾರೆ) ಉದ್ದದ ತುಂಡುಗಳ ಶೇಕಡಾವಾರು. 30ಕ್ಕಿಂತ ಕೆಳಗಿದ್ದರೆ ಸೀಕ್ವೆನ್ಸಿಂಗ್‌ಗೆ (ಬೇಸ್‌ಗಳ ಕ್ರಮ ಓದಲು) ಕಷ್ಟ, ಪಿಸಿಆರ್‌ಗೆ ಇನ್ನೂ ಅವಕಾಶವಿದೆ.

ನಿಮ್ಮ ತೊಡಕು ಬಹುಶಃ ಪ್ರೈಮರ್‌ನದು, ಅಂದರೆ ನಕಲು ಶುರುಮಾಡುವ ಚಿಕ್ಕ ತುಣುಕಿನದು. ಆಲಿಗೊ-ಡಿಟಿ ಪ್ರೈಮರ್ ಹಿಡಿಯುವುದು ಆರ್‌ಎನ್‌ಎ ತುದಿಯ ಪಾಲಿ-ಎ ಬಾಲವನ್ನು; ಆರ್‌ಎನ್‌ಎ ಮುರಿದಿದ್ದರೆ ಬಾಲದಿಂದ ದೂರದ ಭಾಗ ಸಿಡಿಎನ್‌ಎ (ಆರ್‌ಎನ್‌ಎಯ ಡಿಎನ್‌ಎ ನಕಲು) ಆಗುವುದೇ ಇಲ್ಲ. ರ್‍ಯಾಂಡಮ್ ಹೆಕ್ಸಾಮರ್ (ಎಲ್ಲೆಂದರಲ್ಲಿ ಅಂಟುವ ಆರು ಬೇಸ್‌ನ ಪ್ರೈಮರ್) ಅಥವಾ ಆಯಾ ಜೀನ್‌ನದೇ ಪ್ರೈಮರ್ ಬಳಸಿ. ಆಂಪ್ಲಿಕಾನ್ (ಪಿಸಿಆರ್ ನಕಲಿಸುವ ತುಣುಕು) 60ರಿಂದ 100 ಬೇಸ್ ಇರಲಿ. 250 ಬೇಸ್‌ನದಾದರೆ ಸೋಲು ಹೆಚ್ಚುಕಡಿಮೆ ಖಚಿತ.

ಗಾಳಿ ತಾಗಿದ ಮೇಲಿನ ಒಂದೆರಡು ಸೆಕ್ಷನ್ (ಬ್ಲಾಕಿನಿಂದ ಕತ್ತರಿಸಿದ ತೆಳು ಪದರ) ಬಿಟ್ಟು, 10 ಮೈಕ್ರಾನ್‌ನ ಮೂರ್ನಾಲ್ಕು ತೆಗೆದುಕೊಳ್ಳಿ. ಎಚ್ ಅಂಡ್ ಇ ಬಣ್ಣ ಹಾಕಿದ ಸ್ಲೈಡಿನಲ್ಲಿ ಗೆಡ್ಡೆಯ ಜಾಗ ಗುರುತಿಸಿ ಅಷ್ಟನ್ನೇ ಕೆರೆಯಿರಿ. ಸ್ತನದಲ್ಲಿ ಕೊಬ್ಬೇ ಜಾಸ್ತಿ, ಅದು ಬೆರೆತರೆ ಅಳತೆ ಸುಳ್ಳು ಹೇಳುತ್ತದೆ. ಪ್ರೋಟೀನ್ ಒಡೆಯುವ ಕಿಣ್ವ ಪ್ರೋಟಿನೇಸ್-ಕೆ ಜೀರ್ಣದ ನಂತರ 80 ಡಿಗ್ರಿಯಲ್ಲಿ 15 ನಿಮಿಷ ಕಾಯಿಸಿದರೆ ಫಾರ್ಮಲಿನ್ ಬಂಧ ಬಹುಮಟ್ಟಿಗೆ ಸಡಿಲಾಗುತ್ತದೆ, ಉಳಿದ ಡಿಎನ್‌ಎ ಅಳಿಸುವ ಡಿಎನ್‌ಏಸ್ ಕಿಣ್ವ ತಪ್ಪಿಸಬೇಡಿ.

ಹೋಲಿಕೆಗೆ ಜಿಎಪಿಡಿಎಚ್ ಜೀನ್ ಒಂದನ್ನೇ ನಂಬಬೇಡಿ. ಸ್ತನ ಕ್ಯಾನ್ಸರ್ ಮರುಕಳಿಸುವ ಸಾಧ್ಯತೆ ಅಳೆಯುವ ಆಂಕೊಟೈಪ್ ಡಿಎಕ್ಸ್ ಪರೀಕ್ಷೆಯ 21 ಜೀನ್‌ಗಳಲ್ಲಿ ಐದು ಬರೀ ಹೋಲಿಕೆಗೆಂದೇ ಇವೆ.