ಅನುಮಾನ ಬಂದ ಸರ್ವರನ್ನೇ ಸಾಕ್ಷಿ ಕೇಳಬಹುದೇ?

ಪ್ರಶ್ನೆ: ನಮ್ಮ ಲಿನಕ್ಸ್ ವೆಬ್ ಸರ್ವರಿನ ಸಿಪಿಯು ಬಳಕೆ ನೂರರಿಂದ ಕೆಳಗೆ ಇಳಿಯುತ್ತಲೇ ಇಲ್ಲ. ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಟಾಪ್ ಆದೇಶ ಕೊಟ್ಟರೆ ಚೌಕ ಆವರಣದೊಳಗೆ ಕೆವರ್ಕರ್ ಎಂದು ಕಾಣುತ್ತದೆ. ಅದು ಕರ್ನಲ್ಲಿನದೇ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನದೇ) ಎನ್ನುತ್ತಾರೆ. ಒಮ್ಮೆ ರೀಬೂಟ್ ಮಾಡಿ ನೋಡಲೇ?

ಉತ್ತರ: ಬೇಡ. ಮೆಮೊರಿಯಲ್ಲಷ್ಟೇ ಇರುವ ಪ್ರೋಗ್ರಾಂ, ತೆರೆದಿರುವ ಸಂಪರ್ಕಗಳು, ಡಿಸ್ಕಿನಿಂದ ಅಳಿಸಿದ ಮೇಲೂ ಓಡುತ್ತಿರುವ ಫೈಲು, ಎಲ್ಲವೂ ರೀಬೂಟ್ ಆದ ಕ್ಷಣಕ್ಕೆ ಹೋಗಿಬಿಡುತ್ತವೆ.

ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ತನಗೆ ಯಾವ ಹೆಸರನ್ನಾದರೂ ಇಟ್ಟುಕೊಳ್ಳಬಹುದು. ಹಾಗಾಗಿ ಹೆಸರು ಬಿಟ್ಟು ಅದರ ಮೂಲ ನೋಡಿ. ನಿಜವಾದ ಕರ್ನಲ್ ಥ್ರೆಡ್ಡಿನ ತಾಯಿ ಪ್ರೊಸೆಸ್ ಸಂಖ್ಯೆ 2. ಪ್ರೊಕ್ ಡೈರೆಕ್ಟರಿಯಲ್ಲಿ ಆ ಪ್ರೊಸೆಸ್ಸಿನ ಸಂಖ್ಯೆಯೊಳಗೆ ಹೋದರೆ ಎಕ್ಸ್‌ಇ ಎಂಬ ಲಿಂಕ್ ಯಾವ ಫೈಲನ್ನೂ ತೋರಿಸುವುದಿಲ್ಲ, ಮ್ಯಾಪ್ಸ್ ಎಂಬುದು ಖಾಲಿ ಇರುತ್ತದೆ. ನಿಮ್ಮ ಕೆವರ್ಕರ್‌ನ ಲಿಂಕ್ ಟೆಂಪ್ ಡೈರೆಕ್ಟರಿಗೋ ಡೆವ್ ಒಳಗಿನ ಶೇರ್ಡ್ ಮೆಮೊರಿಗೋ ಹೋಗುತ್ತಿದ್ದರೆ ಅದು ವೇಷ ಹಾಕಿಕೊಂಡು ಬಂದದ್ದು, ಬಹುಮಟ್ಟಿಗೆ ನಿಮ್ಮ ಸಿಪಿಯು ಬಳಸಿ ಡಿಜಿಟಲ್ ನಾಣ್ಯ ಗಳಿಸುವ ಕ್ರಿಪ್ಟೋ ಮೈನರ್. ಲಿಂಕಿನ ಪಕ್ಕದಲ್ಲಿ 'ಡಿಲೀಟೆಡ್' ಎಂದಿದ್ದರೂ ಚಿಂತೆಯಿಲ್ಲ. ಪ್ರೊಸೆಸ್ ಜೀವಂತ ಇರುವವರೆಗೆ ಆ ಎಕ್ಸ್‌ಇಯನ್ನು ಸಿಪಿ ಆದೇಶದಿಂದ ಕಾಪಿ ಮಾಡಿದರೆ ಪೂರ್ತಿ ಫೈಲು ಸಿಗುತ್ತದೆ. ಕಿಲ್ ಮಾಡುವ ಮೊದಲು ಈ ಕೆಲಸ ಮುಗಿಸಿ.

ಮುಂದಿನದನ್ನು ಬೇಗ ಮಾಯವಾಗುವುದರಿಂದ ಶುರುಮಾಡಿ: ಮೊದಲು ಮೆಮೊರಿ (ಲೈಮ್ ಅಥವಾ ಎವಿಎಂಎಲ್ ಉಪಕರಣದಿಂದ), ಆಮೇಲೆ ಪ್ರೊಸೆಸ್ ಪಟ್ಟಿ ಮತ್ತು ನೆಟ್‌ವರ್ಕ್ ಸಂಪರ್ಕಗಳು, ಕೊನೆಗೆ ಡಿಸ್ಕಿನ ಸ್ನ್ಯಾಪ್‌ಶಾಟ್. ಸಿಕ್ಕಿದ್ದನ್ನು ಅದೇ ಡಿಸ್ಕಿಗೆ ಬರೆಯಬೇಡಿ. ಅಳಿಸಿಹೋದ ಫೈಲುಗಳ ಉಳಿಕೆಯ ಮೇಲೆಯೇ ಅದು ಕೂರಬಹುದು. ಬೇರೆ ಯಂತ್ರಕ್ಕೆ ಕಳಿಸಿ, ಪ್ರತಿಯೊಂದಕ್ಕೂ ಎಸ್‌ಎಚ್‌ಎ256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಸಮಯದೊಂದಿಗೆ ಬರೆದಿಡಿ.

ಯಂತ್ರವನ್ನು ಪ್ರತ್ಯೇಕಿಸುವ ಕೆಲಸ ಹೊರಗಿನ ಫೈರ್‌ವಾಲಿನಲ್ಲಿ ಆಗಲಿ. ಯಂತ್ರದೊಳಗಿನದೇ ಫೈರ್‌ವಾಲ್ ಆದ ಐಪಿಟೇಬಲ್ಸ್ ನಿಯಮವನ್ನು ರೂಟ್ (ಯಂತ್ರದ ಪೂರ್ಣ) ಅಧಿಕಾರ ಸಿಕ್ಕವನು ತೆಗೆದುಹಾಕಬಲ್ಲ. ಕೆಲವು ಕ್ಲೌಡ್‌ಗಳಲ್ಲಿ ನಿಯಮ ಬದಲಿಸಿದರೂ ಆಗಲೇ ತೆರೆದಿರುವ ಸಂಪರ್ಕ ಕಡಿಯುವುದಿಲ್ಲ. ನಿಂತಿದೆಯೇ ಎಂದು ಟ್ರಾಫಿಕ್ ನೋಡಿಯೇ ಖಚಿತಪಡಿಸಿಕೊಳ್ಳಿ.

ಕಿಲ್ ಮಾಡಿದ್ದು ನಿಮಿಷದೊಳಗೆ ಮತ್ತೆ ಎದ್ದರೆ ನಿಗದಿತ ಸಮಯಕ್ಕೆ ಕೆಲಸ ಓಡಿಸುವ ಎಲ್ಲ ಬಳಕೆದಾರರ ಕ್ರಾನ್, ಸಿಸ್ಟಂಡಿ ಟೈಮರ್‌ಗಳು ಮತ್ತು ಪಾಸ್‌ವರ್ಡ್ ಇಲ್ಲದೆ ಒಳಬಿಡುವ ಕೀಗಳಿರುವ ಎಸ್‌ಎಸ್‌ಎಚ್‌ನ ಆಥರೈಸ್ಡ್ ಕೀಸ್ ಫೈಲು, ಈ ಮೂರನ್ನೂ ನೋಡಿ. ರೂಟ್ ಆಗಿದ್ದೂ ಫೈಲು ಅಳಿಸಲಾಗದಿದ್ದರೆ ಎಲ್‌ಎಸ್‌ಆಟರ್ ಆದೇಶ ಕೊಡಿ. 'ಐ' ಗುರುತು ಇದ್ದರೆ ಯಾರೋ ಅದನ್ನು ಬದಲಿಸಲಾಗದಂತೆ ಬೀಗ ಹಾಕಿದ್ದಾರೆ.

ಪ್ರಶ್ನೆ: ಪ್ಯಾಕೇಜುಗಳ ಫೈಲು ಬದಲಾಗಿದೆಯೇ ಎಂದು ನೋಡುವ ಆರ್‌ಪಿಎಂನ ವೆರಿಫೈ ಓಡಿಸಿದೆ. ಕೆಲವು ಸಾಲುಗಳಲ್ಲಿ ಎಸ್, 5, ಟಿ ಎಂದು ಬಂತು, ಉಳಿದೆಲ್ಲ ಸರಿ ಇದೆ. ಪ್ರೊಸೆಸ್‌ಗಳನ್ನು ತೋರಿಸುವ ಪಿಎಸ್, ಸಂಪರ್ಕಗಳನ್ನು ತೋರಿಸುವ ಎಸ್‌ಎಸ್ ಆದೇಶಗಳಲ್ಲೂ ತಪ್ಪು ಕಾಣಲಿಲ್ಲ. ನಿಶ್ಚಿಂತೆಯಿಂದ ಇರಬಹುದೇ?

ಉತ್ತರ: ಎಸ್ ಅಂದರೆ ಗಾತ್ರ, 5 ಅಂದರೆ ಹ್ಯಾಶ್, ಟಿ ಅಂದರೆ ಮಾರ್ಪಾಟಿನ ಸಮಯ ಬದಲಾಗಿದೆ. ಸಾಲಿನಲ್ಲಿ ಚಿಕ್ಕಕ್ಷರದ 'ಸಿ' ಇದ್ದರೆ ಅದು ಕಾನ್ಫಿಗ್ ಫೈಲು. ನೀವೇ ತಿದ್ದಿರುತ್ತೀರಿ, ಆದರೂ ತೆರೆದು ನೋಡಿ. ಪಿಎಸ್ ಅಥವಾ ದೂರದ ಲಾಗಿನ್ ನೋಡಿಕೊಳ್ಳುವ ಎಸ್‌ಎಸ್‌ಎಚ್‌ಡಿಯಂಥ ಬೈನರಿಗೆ 5 ಬಂದರೆ ವಿಷಯ ಗಂಭೀರ.

ಆದರೆ ಈ ಪರೀಕ್ಷೆಗೆ ಮಿತಿಗಳಿವೆ. ಹೋಲಿಕೆಗೆ ಬಳಸುವ ಹ್ಯಾಶ್ ಪಟ್ಟಿ ಇರುವುದು ಅದೇ ಡಿಸ್ಕಿನಲ್ಲಿ, ನುಗ್ಗಿದವನು ಅದನ್ನೂ ತಿದ್ದಿರಬಹುದು. ಡೆಬಿಯನ್ನಿನ ಡೆಬ್‌ಸಮ್ಸ್‌ಗೂ ಇದೇ ಕೊರತೆ. ಪ್ಯಾಕೇಜಿಗೆ ಸೇರದ ಹೊಸ ಫೈಲನ್ನು ಅದು ಎಣಿಸುವುದೇ ಇಲ್ಲ. ಪ್ಯಾಕೇಜೇ ಕೆಟ್ಟಿದ್ದರಂತೂ ಎಲ್ಲವೂ ಸರಿಯೆಂದೇ ಹೇಳುತ್ತದೆ: 2024ರ ಮಾರ್ಚಿನಲ್ಲಿ ಬಯಲಾದ, ಫೈಲು ಕುಗ್ಗಿಸುವ ಎಕ್ಸ್‌ಝಡ್ ಉಪಕರಣದ ಪ್ರಕರಣದಲ್ಲಿ 5.6.0 ಮತ್ತು 5.6.1 ಆವೃತ್ತಿಗಳೊಳಗೇ ಹಿಂಬಾಗಿಲು ಇತ್ತು.

ಪಿಎಸ್ ಬೈನರಿ ಶುದ್ಧವಾಗಿದ್ದೂ ಸುಳ್ಳು ಹೇಳಬಹುದು. ಇಟಿಸಿಯಲ್ಲಿ ಎಲ್‌ಡಿ ಡಾಟ್ ಎಸ್‌ಒ ಡಾಟ್ ಪ್ರೀಲೋಡ್ ಎಂಬ ಫೈಲು ಇದೆಯೇ ನೋಡಿ. ಸಾಮಾನ್ಯ ಸರ್ವರಿನಲ್ಲಿ ಅದು ಇರುವುದಿಲ್ಲ. ಅದರೊಳಗೆ ಬರೆದ ಲೈಬ್ರರಿ, ಹೊರಗಿನ ಲೈಬ್ರರಿಗಳನ್ನು ಬಳಸುವ ಪ್ರತಿ ಪ್ರೋಗ್ರಾಮಿನೊಳಗೂ ಮೊದಲೇ ನುಗ್ಗಿ ತನಗೆ ಬೇಡದ ಸಾಲುಗಳನ್ನು ಮರೆಮಾಡಬಲ್ಲದು. ಆ ಫೈಲನ್ನೇ ಅಡಗಿಸುವ ಜಾಣರೂ ಇದ್ದಾರೆ. ಸ್ಟ್ಯಾಟಿಕ್ ಆಗಿ (ಬೇಕಾದ ಲೈಬ್ರರಿಯೆಲ್ಲ ಒಳಗೇ ಇರುವಂತೆ) ಕಂಪೈಲ್ ಮಾಡಿದ, ಹಲವು ಆದೇಶಗಳು ಒಂದೇ ಫೈಲಿನಲ್ಲಿರುವ ಬಿಝಿಬಾಕ್ಸ್ ಹೊರಗಿನಿಂದ ತಂದು ಅದರಿಂದ ನೋಡಿದರೆ ಈ ಬಲೆಗೆ ಬೀಳುವುದಿಲ್ಲ. ಕರ್ನಲ್ ಮಟ್ಟದ ರೂಟ್‌ಕಿಟ್ (ಒಳನುಗ್ಗಿದ್ದನ್ನು ಅಡಗಿಸುವ ಪ್ರೋಗ್ರಾಂ) ಇದ್ದರೆ ಅದೂ ಸಾಲದು.

ಆದ್ದರಿಂದ ಹೊರಗಿನಿಂದ ನೋಡಿ. ಬೇರೊಂದು ಯಂತ್ರದಿಂದ ಎನ್‌ಮ್ಯಾಪ್ ಹಾಕಿ 65535 ಟಿಸಿಪಿ ಪೋರ್ಟುಗಳನ್ನೂ ಪರೀಕ್ಷಿಸಿ, ಒಳಗಿನ ಎಸ್‌ಎಸ್ ಪಟ್ಟಿಯ ಜತೆ ಹೋಲಿಸಿ. ಹೊರಗೆ ತೆರೆದದ್ದು ಒಳಗೆ ಕಾಣದಿದ್ದರೆ, ಮತ್ತು ನಡುವಿನ ರೂಟರ್ ಅದನ್ನು ಬೇರೆಡೆಗೆ ತಿರುಗಿಸುತ್ತಿಲ್ಲವಾದರೆ, ಅಲ್ಲಿ ಏನೋ ಅಡಗಿದೆ. ಡಿಸ್ಕಿನ ಪ್ರತಿಯನ್ನು ಶುದ್ಧ ಯಂತ್ರದಲ್ಲಿ ಓದಲು ಮಾತ್ರ ಎಂಬಂತೆ ಮೌಂಟ್ ಮಾಡಿ. ಇಎಕ್ಸ್‌ಟಿ4 ಆದರೆ 'ನೋಲೋಡ್', ಎಕ್ಸ್‌ಎಫ್‌ಎಸ್ ಆದರೆ 'ನೋರಿಕವರಿ' ಆಯ್ಕೆ ಸೇರಿಸಲೇಬೇಕು, ಇಲ್ಲದಿದ್ದರೆ ಜರ್ನಲ್ (ಬಾಕಿ ಬದಲಾವಣೆಗಳ ದಾಖಲೆ) ಮರುಓಡಿ ಪ್ರತಿಯೇ ಬದಲಾದೀತು. ಆಮೇಲೆ ಅದೇ ಆವೃತ್ತಿಯ ಪ್ಯಾಕೇಜುಗಳನ್ನು ಮೂಲ ರೆಪೊಸಿಟರಿಯಿಂದ ಇಳಿಸಿ ಹ್ಯಾಶ್ ಹೋಲಿಸಿ.

ಪ್ರಶ್ನೆ: ಲಾಗಿನ್ ದಾಖಲೆ ತಿದ್ದಿದ್ದಾರೆಂದು ಗೊತ್ತಾಗುವುದು ಹೇಗೆ?

ಉತ್ತರ: ಲಾಸ್ಟ್ ಆದೇಶ ಓದುವ ಡಬ್ಲ್ಯೂಟಿಎಂಪಿ ಫೈಲಿನಲ್ಲಿ 64 ಬಿಟ್ ಇಂಟೆಲ್ ಮಾದರಿಯ ಯಂತ್ರಗಳಲ್ಲಿ ಪ್ರತಿ ದಾಖಲೆ 384 ಬೈಟ್. ಫೈಲಿನ ಗಾತ್ರ 384ರಿಂದ ಶೇಷವಿಲ್ಲದೆ ಭಾಗವಾಗದಿದ್ದರೆ ಯಾರೋ ಒರಟಾಗಿ ಕೈಯಾಡಿಸಿರಬಹುದು, ಅಥವಾ ಫೈಲೇ ಕೆಟ್ಟಿರಬಹುದು. ಯುಟಂಪ್‌ಡಂಪ್ ಹಾಕಿದಾಗ ನಡುವೆ 1970ರ ದಿನಾಂಕದ ಸಾಲು ಕಂಡರೆ ದಾಖಲೆಗೆ ಸೊನ್ನೆ ತುಂಬಿದ ಲಕ್ಷಣ. ಫೈಲಿನ ಮಾರ್ಪಾಟು ಸಮಯವನ್ನು (ಎಂಟೈಮ್) ಟಚ್ ಆದೇಶದಿಂದ ಬೇಕಾದಂತೆ ಹಿಂದಕ್ಕೆ ಒಯ್ಯಬಹುದು. ಫೈಲಿನ ವಿವರ ಕೊನೆಗೆ ಬದಲಾದ ಸಮಯವಾದ ಸಿಟೈಮನ್ನು ಟಚ್ ಹಾಗೆ ಬದಲಿಸಲಾರದು, ಅದನ್ನು ಬರೆಯುವುದು ಕರ್ನಲ್. ಸ್ಟ್ಯಾಟ್ ಕೊಟ್ಟಾಗ ಎಂಟೈಮ್ ಹಳೆಯದು, ಸಿಟೈಮ್ ನಿನ್ನೆಯದು ಎಂದಿದ್ದರೆ ಕಾರಣ ಹುಡುಕಿ. ಪ್ಯಾಕೇಜ್ ಅಪ್‌ಡೇಟ್ ಆದಾಗಲೂ ಹೀಗೇ ಕಾಣುತ್ತದೆ, ಹಾಗಾಗಿ ಅಪ್‌ಡೇಟ್ ಇತಿಹಾಸವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಮುಂದಕ್ಕಾದರೂ ಆರ್‌ಸಿಸ್‌ಲಾಗ್ ಮೂಲಕ ಲಾಗುಗಳು ಆಗಿಂದಾಗ್ಗೆ ಬೇರೆ ಯಂತ್ರ ಸೇರಲಿ.

ಪ್ರಶ್ನೆ: ಸ್ಕ್ಯಾನರ್ ನಮ್ಮ ಓಪನ್‌ಎಸ್‌ಎಸ್‌ಎಚ್ ಹಳೆಯದು ಎಂದು ಕೆಂಪು ಬಣ್ಣದಲ್ಲಿ ಹತ್ತಾರು ದೋಷ ತೋರಿಸುತ್ತಿದೆ. ಎಲ್ಲ ಅಪ್‌ಡೇಟ್ ಹಾಕಿದ್ದೇವೆ.

ಉತ್ತರ: ಸ್ಕ್ಯಾನರ್ ನೋಡಿದ್ದು ಬ್ಯಾನರಿನ (ಸಂಪರ್ಕಿಸಿದಾಗ ಸರ್ವರ್ ಕಳಿಸುವ ಪರಿಚಯದ ಸಾಲಿನ) ಆವೃತ್ತಿ ಸಂಖ್ಯೆಯನ್ನಷ್ಟೇ. ರೆಡ್ ಹ್ಯಾಟ್, ಡೆಬಿಯನ್‌ಗಳು ಭದ್ರತಾ ತಿದ್ದುಪಡಿಯನ್ನು ಹಳೆಯ ಆವೃತ್ತಿಗೇ ಹೊಲಿದು ಕೊಡುತ್ತವೆ. ಮೇಲಿನ ಸಂಖ್ಯೆ ಬದಲಾಗುವುದಿಲ್ಲ. ಪ್ಯಾಕೇಜಿನ ಚೇಂಜ್‌ಲಾಗಿನಲ್ಲಿ ಸ್ಕ್ಯಾನರ್ ಹೇಳಿದ ದೋಷದ ಸಿವಿಇ (ಗುರುತಿನ) ಸಂಖ್ಯೆ ಹುಡುಕಿ. ಅಷ್ಟಕ್ಕೂ ಪಾಸ್‌ವರ್ಡ್ ಇಲ್ಲದೆ ಹೊರಜಗತ್ತಿಗೆ ತೆರೆದ ರೆಡಿಸ್ ಡೇಟಾಬೇಸಿನ 6379, ಡಾಕರ್‌ನ 2375 ಪೋರ್ಟುಗಳು ಈ ಕೆಂಪು ಪಟ್ಟಿಗಿಂತ ದೊಡ್ಡ ಅಪಾಯ.

ಪ್ರಶ್ನೆ: ರೂಟ್ ಅಧಿಕಾರ ನುಗ್ಗಿದವನ ಕೈಸೇರಿದ ಸರ್ವರನ್ನು ಶುಚಿಮಾಡಿ ಮತ್ತೆ ಬಳಸಬಹುದೇ?

ಉತ್ತರ: ಇಲ್ಲ. ಹೊಸದಾಗಿ ಕಟ್ಟಿ, ಅದರಲ್ಲಿದ್ದ ಎಲ್ಲ ಕೀ, ಪಾಸ್‌ವರ್ಡ್, ಟೋಕನ್ ಬದಲಿಸಿ.

ಪ್ರಶ್ನೆ: ಹೊಸ ಸರ್ವರಿನಲ್ಲಿ ಪಾಸ್‌ವರ್ಡ್ ಲಾಗಿನ್‌ಗೆ 'ನೋ' ಎಂದು ಬರೆದರೂ ಎಸ್‌ಎಸ್‌ಎಚ್ ಪಾಸ್‌ವರ್ಡ್ ಕೇಳುತ್ತಿದೆ.

ಉತ್ತರ: ಎಸ್‌ಎಸ್‌ಎಚ್‌ಡಿ ಮೊದಲು ಓದಿದ ಮೌಲ್ಯವನ್ನೇ ಹಿಡಿಯುತ್ತದೆ. ಉಬುಂಟುವಿನಂಥ ಕಡೆ ಮುಖ್ಯ ಕಾನ್ಫಿಗ್ ಫೈಲಿನ ಮೇಲ್ಭಾಗದಲ್ಲೇ ಬೇರೆ ಫೈಲುಗಳನ್ನು ಓದಿಸುವ ಇನ್‌ಕ್ಲೂಡ್ ಸಾಲು ಇರುತ್ತದೆ. 50 ಎಂದು ಶುರುವಾಗುವ ಕ್ಲೌಡ್‌ಇನಿಟ್ ಫೈಲಿನಲ್ಲಿ 'ಯೆಸ್' ಎಂದಿದ್ದರೆ ಕೆಳಗೆ ನೀವು ಬರೆದ 'ನೋ' ಲೆಕ್ಕಕ್ಕಿಲ್ಲ. ಅಲ್ಲಿಯೇ ತಿದ್ದಿ, ಎಸ್‌ಎಸ್‌ಎಚ್‌ಡಿಗೆ ದೊಡ್ಡಕ್ಷರದ 'ಟಿ' ಆಯ್ಕೆ ಕೊಟ್ಟು ಜಾರಿಯಾಗುವ ಮೌಲ್ಯ ಓದಿ, ಆಮೇಲೆ ರೀಲೋಡ್ ಮಾಡಿ. ಹೊಸ ಕೀಯಿಂದ ಇನ್ನೊಂದು ಟರ್ಮಿನಲ್ಲಿನಲ್ಲಿ ಲಾಗಿನ್ ಆಗುವವರೆಗೆ ಈಗಿನ ಸೆಷನ್ ಮುಚ್ಚಬೇಡಿ.