ಓದುಗರ ಪ್ರಶ್ನೆಗಳು: ದೂರದ ಏಷ್ಯಾ ಕೇಂದ್ರಗಳನ್ನು ಹಿಡಿಯುವುದು

ಪ್ರಶ್ನೆ: ಶಾರ್ಟ್‌ವೇವ್ ಇರುವ ಪೋರ್ಟಬಲ್ ರೇಡಿಯೋ ಕೊಂಡೆ. ಒಂದೆರಡು ಚೀನೀ ಕೇಂದ್ರ ಬಿಟ್ಟರೆ ಎಲ್ಲಿ ತಿರುಗಿಸಿದರೂ ಬರೀ ಗುಂಯ್ ಎನ್ನುವ ಸದ್ದು. ಇನ್ನೂ ದೊಡ್ಡ ಸೆಟ್ ಬೇಕೇ?

ಉತ್ತರ: ಬೇಡ. ಮೊದಲು ಮನೆಯೊಳಗಿನ ಗದ್ದಲ ಹುಡುಕಿ. ರೇಡಿಯೋ ಬ್ಯಾಟರಿಯಲ್ಲಿ ಓಡುತ್ತಿರಲಿ. 9400ರಿಂದ 9900 ಕಿಲೋಹರ್ಟ್ಸ್ ನಡುವೆ, ಅಂದರೆ 31 ಮೀಟರ್ ಬ್ಯಾಂಡಿನಲ್ಲಿ, ಯಾವ ಕೇಂದ್ರವೂ ಇಲ್ಲದ ಜಾಗದಲ್ಲಿ ನಿಲ್ಲಿಸಿ ಮನೆಯ ಮೇನ್ ಸ್ವಿಚ್ ಆರಿಸಿ. ಸದ್ದು ಥಟ್ಟನೆ ಇಳಿದರೆ ಕಳ್ಳ ಮನೆಯಲ್ಲೇ ಇದ್ದಾನೆ. ಮತ್ತೆ ಕರೆಂಟು ಕೊಟ್ಟು ಒಂದೊಂದೇ ಉಪಕರಣ ಹಾಕುತ್ತಾ ಬನ್ನಿ. ಬಹುತೇಕ ಸಿಕ್ಕಿಬೀಳುವುದು ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬ್ ಅಥವಾ ರೂಟರ್‌ನ ಅಡಾಪ್ಟರ್. ಇವು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕರೆಂಟನ್ನು ಕಡಿದು ಕೂಡಿಸುತ್ತವೆ. ಆ ಏರಿಳಿತ ಮನೆಯ ವೈರಿಂಗಿನ ತುಂಬ ಹರಡಿ ವೈರಿಂಗೇ ಆಂಟೆನಾ ಆಗಿಬಿಡುತ್ತದೆ. ಆರಿಸಲಾಗದ ಅಡಾಪ್ಟರ್ ಇದ್ದರೆ ಅದರ ವೈರನ್ನು ಫೆರೈಟ್ (ಕಾಂತೀಯ ಪಿಂಗಾಣಿ) ಉಂಗುರದೊಳಗೆ ಆರೇಳು ಸುತ್ತು ಸುತ್ತಿ.

ಆಮೇಲೆ 7ರಿಂದ 10 ಮೀಟರ್ ಇನ್ಸುಲೇಷನ್ ಇರುವ ತಂತಿಯನ್ನು ಮನೆಯಿಂದ ಆಚೆಗೆ, ವಿದ್ಯುತ್ ಲೈನುಗಳಿಂದ ದೂರಕ್ಕೆ ಎಳೆದು, ತುದಿಯನ್ನು ಸೆಟ್ಟಿನ ಕಡ್ಡಿ ಆಂಟೆನಾಕ್ಕೆ ಕ್ಲಿಪ್ ಮಾಡಿ. ಉದ್ದ ಹೆಚ್ಚಿದಷ್ಟೂ ಒಳ್ಳೆಯದು ಎಂಬುದು ಪೋರ್ಟಬಲ್‌ಗೆ ಸಲ್ಲದು. ಬಲವಾದ ಕೇಂದ್ರಗಳು ಸೆಟ್ಟನ್ನು ಉಸಿರುಗಟ್ಟಿಸಿ, ಇಲ್ಲದ ಜಾಗದಲ್ಲೂ ಕಾಣಿಸಿಕೊಳ್ಳುತ್ತವೆ. 455 ಕಿಲೋಹರ್ಟ್ಸ್ ಐಎಫ್ (ಸಿಗ್ನಲ್ಲನ್ನು ಸೆಟ್ಟು ಒಳಗೆ ಬದಲಿಸಿಕೊಳ್ಳುವ ಮಧ್ಯಂತರ ಫ್ರೀಕ್ವೆನ್ಸಿ) ಇರುವ ಸಾಧಾರಣ ಸೆಟ್ಟಿನಲ್ಲಿ 9710ರ ಕೇಂದ್ರ ಐಎಫ್‌ನ ಎರಡರಷ್ಟು, ಅಂದರೆ 910 ಕೆಳಗೆ, 8800ರಲ್ಲೂ ಕೇಳಬಹುದು; ಅದು ನೆರಳು, ಹೊಸ ಕೇಂದ್ರವಲ್ಲ. ಹಾಗಾದರೆ ತಂತಿಯನ್ನು ಅರ್ಧಕ್ಕೆ ಇಳಿಸಿ. ಗುಡುಗಿನ ಸೂಚನೆ ಸಿಕ್ಕರೆ ಸಾಕು, ತಂತಿ ಕಳಚಿಬಿಡಿ.

ಪ್ರಶ್ನೆ: ಯಾವ ಹೊತ್ತಿಗೆ ಯಾವ ಬ್ಯಾಂಡ್?

ಉತ್ತರ: ಅಂದಾಜಿಗೆ ಹಗಲು 11,600 ಕಿಲೋಹರ್ಟ್ಸ್‌ಗಿಂತ ಮೇಲೆ, ರಾತ್ರಿ 10,000ಕ್ಕಿಂತ ಕೆಳಗೆ. ಆದರೆ ಒಳ್ಳೆಯ ಬೇಟೆ ಸಿಗುವುದು ಸಂಧ್ಯೆಯಲ್ಲಿ. ಕೆಳಗಿನ ಬ್ಯಾಂಡುಗಳ ಅಲೆಯನ್ನು ಹಗಲು ನುಂಗುವ, ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಡಿ ಪದರ ಸೂರ್ಯ ಮುಳುಗಿದ ಕೂಡಲೇ ಕರಗುತ್ತದೆ. ಅಲೆಯನ್ನು ಹಿಂದಿರುಗಿಸುವ ಎಫ್ ಪದರ ಇನ್ನೂ ಗಟ್ಟಿಯಾಗಿಯೇ ಇರುತ್ತದೆ. ಆದ್ದರಿಂದ ನಿಮ್ಮ ಊರಿನ ಜೊತೆಗೆ ಕೇಂದ್ರದ ಊರಿನ ಉದಯಾಸ್ತವನ್ನೂ ಯುಟಿಸಿಯಲ್ಲಿ (ಇಡೀ ಜಗತ್ತಿಗೆ ಒಂದೇ ಆದ ಪ್ರಮಾಣ ಸಮಯ) ಬರೆದಿಟ್ಟುಕೊಳ್ಳಿ. ಡಿಸೆಂಬರಿನಲ್ಲಿ ಟೋಕಿಯೋದ ಸೂರ್ಯಾಸ್ತ ಸುಮಾರು 07:30 ಯುಟಿಸಿ, ಜಕಾರ್ತದ್ದು ಸುಮಾರು 11:00.

ದಾರಿ ತೆರೆದಿದೆಯೇ ಎಂದು ನೋಡಲು 5000 ಮತ್ತು 10,000 ಕಿಲೋಹರ್ಟ್ಸ್‌ನಲ್ಲಿ ಚೀನಾದ ಸಮಯ ಸಂಕೇತ ಕೇಂದ್ರ ಬಿಪಿಎಂ ಹುಡುಕಿ. ಅಮೆರಿಕದ ಸಮಯ ಕೇಂದ್ರಗಳೂ ಅಲ್ಲೇ ಇರುವುದರಿಂದ ಬರೀ ಟಿಕ್ ಟಿಕ್ ನಂಬಬೇಡಿ. ಗಂಟೆಯ 29 ಮತ್ತು 59ನೇ ನಿಮಿಷದಲ್ಲಿ ಮೋರ್ಸ್ ಸಂಕೇತದ ಬೆನ್ನಿಗೆ ಚೀನೀ ಭಾಷೆಯ ಪ್ರಕಟಣೆ ಬಂದರೆ ಅದೇ ಬಿಪಿಎಂ.

ಪ್ರಶ್ನೆ: ಮೀಡಿಯಂ ವೇವ್‌ನಲ್ಲಿ ಜಪಾನ್, ಕೊರಿಯಾ ಸಾಧ್ಯವೇ?

ಉತ್ತರ: ದಾರಿಯಿಡೀ ಕತ್ತಲಿರುವಾಗ ಸಾಧ್ಯ. ಟೋಕಿಯೋದ ಎನ್‌ಎಚ್‌ಕೆ (ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ) 594 ಕಿಲೋಹರ್ಟ್ಸ್‌ನಲ್ಲಿ 300 ಕಿಲೋವ್ಯಾಟ್, ಕೊರಿಯಾದ ಜೇಜು ದ್ವೀಪದ ಎಚ್‌ಎಲ್‌ಎಝಡ್ 1566ರಲ್ಲಿ 250 ಕಿಲೋವ್ಯಾಟ್. ಸೆಟ್ಟು ಒಂದು ಫ್ರೀಕ್ವೆನ್ಸಿಯಿಂದ ಮುಂದಿನದಕ್ಕೆ ಹಾರುವ ಹೆಜ್ಜೆ 9 ಕಿಲೋಹರ್ಟ್ಸ್‌ಗೆ ಇರಲೇಬೇಕು; ಅಮೆರಿಕದ 10ರ ಹೆಜ್ಜೆಯಲ್ಲಿದ್ದರೆ 590ರಿಂದ 600ಕ್ಕೆ ಹಾರಿ 594 ತಪ್ಪಿಹೋಗುತ್ತದೆ. ಏಷ್ಯಾದ ಚಾನೆಲ್‌ಗಳೆಲ್ಲ 9ರ ಗುಣಕಗಳು, ಅಂಕಿಗಳನ್ನು ಕೂಡಿದರೂ 9ರ ಗುಣಕವೇ ಬರಬೇಕು: 5+9+4=18. ಲಾಗ್ (ಕೇಳಿದ ಕೇಂದ್ರಗಳ ದಾಖಲೆ) ಬರೆಯುವಾಗ ತಪ್ಪು ಹಿಡಿಯಲು ಇದು ಸೊಗಸಾದ ಉಪಾಯ.

ಇದಕ್ಕೆ ಲೂಪ್ ಆಂಟೆನಾ ಮಾಡಿಕೊಳ್ಳಿ. 1 ಮೀಟರ್ ಬದಿಯ ಚೌಕಾಕಾರದ ಮರದ ಚೌಕಟ್ಟಿಗೆ ಸುತ್ತಿಗೆ ಸುತ್ತು 1 ಸೆಂಟಿಮೀಟರ್ ಅಂತರದಲ್ಲಿ 8 ಸುತ್ತು, ಸುಮಾರು 32 ಮೀಟರ್ ತಂತಿ. ಎರಡೂ ತುದಿಗಳನ್ನು 500 ಪಿಕೋಫ್ಯಾರಡ್ ವೇರಿಯಬಲ್ ಕೆಪ್ಯಾಸಿಟರ್‌ಗೆ (ಹಳೆ ರೇಡಿಯೋದ ಗ್ಯಾಂಗ್) ಜೋಡಿಸಿ. ರೇಡಿಯೋಗೆ ವೈರ್ ಬೇಡ. ಒಳಗಿನ ಫೆರೈಟ್ ಕಡ್ಡಿ ಚೌಕಟ್ಟಿಗೆ ಲಂಬವಾಗಿರುವಂತೆ ಹತ್ತಿರ ಇಟ್ಟು, ಧ್ವನಿ ಉಬ್ಬುವವರೆಗೆ ಗ್ಯಾಂಗ್ ತಿರುಗಿಸಿ. 1602ರವರೆಗೆ ಏರದಿದ್ದರೆ ಒಂದು ಸುತ್ತು ತೆಗೆಯಿರಿ, 531ಕ್ಕೆ ಇಳಿಯದಿದ್ದರೆ ಒಂದು ಸೇರಿಸಿ. ಲೂಪಿನ ನಿಜವಾದ ಬೆಲೆ ಹೆಚ್ಚಿಸುವುದರಲ್ಲಿಲ್ಲ, ತಗ್ಗಿಸುವುದರಲ್ಲಿದೆ: ಚೌಕಟ್ಟಿನ ಅಗಲ ಮುಖ ಹತ್ತಿರದ ಕೇಂದ್ರದ ಕಡೆಗಿದ್ದಾಗ ಅದು ಬಹುಪಾಲು ಅಡಗಿ, ಅದರ ಅಡಿಯಲ್ಲಿದ್ದ ದೂರದ್ದು ಮೇಲೇಳುತ್ತದೆ. ರೇಡಿಯೋವನ್ನೂ ಚೌಕಟ್ಟಿಗೇ ಕಟ್ಟಿ ಒಟ್ಟಿಗೆ ತಿರುಗಿಸಿ.

ಪ್ರಶ್ನೆ: ಭಾಷೆ ಗೊತ್ತಿಲ್ಲದೆ ಕೇಂದ್ರವನ್ನು ಗುರುತಿಸುವುದು ಹೇಗೆ?

ಉತ್ತರ: ಗಂಟೆ ತುಂಬುವ ಎರಡು ನಿಮಿಷ ಮೊದಲು ಧ್ವನಿಮುದ್ರಣ ಶುರುಮಾಡಿ. ಪ್ರಸಾರದ ಆರಂಭದ ರಾಗ, ಗಂಟೆಯ ಪಿಪ್, ಕೇಂದ್ರದ ಹೆಸರು ಎಲ್ಲವೂ ಸಾಮಾನ್ಯವಾಗಿ ಆಗಲೇ ಬರುತ್ತವೆ. ಚೀನೀ ಭಾಷೆ ಕೇಳಿದರೆ ಮಾತ್ರ ಆತುರ ಬೇಡ. ವಿದೇಶಿ ಕೇಂದ್ರಗಳ ಚೀನೀ ಪ್ರಸಾರವನ್ನು ಮುಚ್ಚಿಹಾಕಲು ಚೀನಾ ರಾಷ್ಟ್ರೀಯ ರೇಡಿಯೋದ ಮೊದಲ ವಾಹಿನಿಯನ್ನೇ ಅದೇ ಫ್ರೀಕ್ವೆನ್ಸಿಯಲ್ಲಿ ಹಾಕುವುದುಂಟು. ಹಲವು ಕಡೆ ಒಂದೇ ಕಾರ್ಯಕ್ರಮ, ಕೆಲವೊಮ್ಮೆ ಪ್ರತಿಧ್ವನಿಯೊಂದಿಗೆ, ಕೇಳಿದರೆ ಇದೇ ಇರಬೇಕು. ಅಡಿಯಲ್ಲಿ ಕ್ಷೀಣವಾಗಿ ಇನ್ನೊಂದು ದನಿ ಇದೆಯೇ ಎಂದು ಹೆಡ್‌ಫೋನ್ ಹಾಕಿ ಕೇಳಿ.

ವೇಳಾಪಟ್ಟಿಯಲ್ಲಿ ಇಂಥ ಕೇಂದ್ರವಿದೆ ಎಂದ ಮಾತ್ರಕ್ಕೆ ಅದನ್ನೇ ಕೇಳಿದೆವು ಎಂದು ಬರೆಯುವುದು ಈ ಹವ್ಯಾಸದ ದೊಡ್ಡ ತಪ್ಪು. ಹೆಸರು ಕೇಳದಿದ್ದರೆ ಲಾಗಿನಲ್ಲಿ ‘ಬಹುಶಃ’ ಎಂದೇ ಬರೆಯಿರಿ.

ಪ್ರಶ್ನೆ: ಕ್ಯೂಎಸ್‌ಎಲ್ ಕಾರ್ಡಿಗೆ (ನೀವು ಕೇಳಿದ್ದನ್ನು ದೃಢಪಡಿಸಿ ಕೇಂದ್ರ ಕಳಿಸುವ ಕಾರ್ಡು) ಕಳಿಸುವ ವರದಿಯಲ್ಲಿ ಏನಿರಬೇಕು?

ಉತ್ತರ: ದಿನಾಂಕ, ಯುಟಿಸಿ ಸಮಯ, ಫ್ರೀಕ್ವೆನ್ಸಿ, ನಿಮ್ಮ ಸೆಟ್ ಮತ್ತು ಆಂಟೆನಾ, ಕನಿಷ್ಠ ಅರ್ಧ ಗಂಟೆಯ ಕಾರ್ಯಕ್ರಮದ ವಿವರ ನಿಮಿಷವಾರು. ಜೊತೆಗೆ ಸಿನ್ಪೊ ಅಂಕಗಳು: ಸಿಗ್ನಲ್ ಬಲ, ಇತರ ಕೇಂದ್ರಗಳ ಅಡ್ಡಿ, ಗದ್ದಲ, ಏರಿಳಿತ, ಒಟ್ಟು ಗುಣ, ಪ್ರತಿಯೊಂದಕ್ಕೂ 5 ಅತ್ಯುತ್ತಮ, 1 ತೀರಾ ಕಳಪೆ. ಕಾರ್ಡಿನ ಆಸೆಗೆ 55555 ಕೊಟ್ಟರೆ ಎಂಜಿನಿಯರುಗಳಿಗೆ ಪ್ರಯೋಜನವಿಲ್ಲ. ಕಷ್ಟಪಟ್ಟು ಕೇಳಿದ 25232 ಅವರಿಗೆ ಹೆಚ್ಚು ತಿಳಿಸುತ್ತದೆ. ಭಾಷೆ ಬಾರದಿದ್ದರೆ ಗಂಡು ದನಿ, ಹೆಣ್ಣು ದನಿ, ವಾದ್ಯ, ಕಿವಿಗೆ ಬಿದ್ದ ಊರಿನ ಹೆಸರು, ಇಷ್ಟನ್ನೇ ನಿಮಿಷದೊಂದಿಗೆ ಬರೆಯಿರಿ.