ದಿನಾ ವ್ಯಾಯಾಮ ಮಾಡಿದ್ರೆ ಮುಪ್ಪು ತಡ ಆಗ್ತದಾ? ಬರೀ ವಾಕಿಂಗ್ ಸಾಕಾ?

ಮುಪ್ಪು ನಿಲ್ಲೂದಿಲ್ಲ, ಆದ್ರೆ ನಿಧಾನ ಆಗ್ತದೆ, ಕೈಕಾಲು ಗಟ್ಟಿ ಇರೋ ವರ್ಷ ಜಾಸ್ತಿ ಸಿಗ್ತದೆ, ಸರಾಸರಿ ಆಯಸ್ಸೂ ಸ್ವಲ್ಪ ಹೆಚ್ಚೇ. ಬರೀ ವಾಕಿಂಗ್ ಸಾಲೂದಿಲ್ಲ.

ಮುಖ್ಯ ಕಾರಣ ಸ್ನಾಯು. 30 ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು 3ರಿಂದ 8 ಪರ್ಸೆಂಟ್ ಸ್ನಾಯು ಕರಗ್ತಾ ಹೋಗ್ತದೆ, 60ರ ನಂತರ ಇನ್ನೂ ಜೋರು, ಮತ್ತೆ ಉಂಡ ಅನ್ನದ ಸಕ್ಕರೆ ಹೆಚ್ಚಾಗಿ ಹೀರ್ಕೊಳ್ಳೋದೂ ಅದೇ, ಹಾಗಾಗಿ ಅದು ಕಡ್ಮೆ ಆದ್ರೆ ಶುಗರ್ ಏರ್ತದೆ, ಅಂಗಳದಲ್ಲಿ ಜಾರಿದಾಗ ಸಾವರಿಸ್ಕೊಳ್ಳೋ ಶಕ್ತಿನೂ ಹೋಗ್ತದೆ. ಸ್ನಾಯುಗೆ ಕೆಲಸ ಕೊಡ್ತಾ ಇದ್ರೆ ಅದರ ಜೀವಕೋಶದೊಳಗೆ ಶಕ್ತಿ ತಯಾರಿಸೋ ಮೈಟೋಕಾಂಡ್ರಿಯಾ ಹೆಚ್ಚಾಗ್ತವೆ. 70 ದಾಟಿದೋರಲ್ಲೂ ಸ್ನಾಯು ಬಲ ವಾಪಸ್ ಬರ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥದ್ದು, ಜೊತೆಗೆ ಕನಿಷ್ಠ 2 ದಿನ ಸ್ನಾಯುಗೆ ಭಾರ ಬೀಳೋ ಕೆಲಸ. ಎಲ್ರೂ ಬಿಡೂದು ಈ ಎರಡನೇದನ್ನೇ. ಕಾರವಾರದ ಟ್ಯಾಗೋರ್ ಬೀಚಲ್ಲಿ ಹರಟೆ ಹೊಡೀತಾ ಅಡ್ಡಾಡಿದ್ರೆ ಮೊದಲನೇದೂ ಪೂರ್ತಿ ಆಗೂದಿಲ್ಲ! ಶಿರಸಿ ಬದಿಗೆ ಬೆಟ್ಟದಿಂದ ತೋಟಕ್ಕೆ ಸೊಪ್ಪಿನ ಹೊರೆ ಹೊರೋರಿಗೆ ಜಿಮ್ ಬೇಡ ಬಿಡಿ, ಉಳಿದೋರು ಮಳೆಗಾಲದಲ್ಲೂ ಮನೆಯೊಳಗೇ ಕೈ ಊರದೆ ಕುರ್ಚಿಯಿಂದ ಎದ್ದು ಕೂತು ಮಾಡ್ಬಹುದು. ಹಾರ್ಟ್ ತೊಂದ್ರೆ ಇದ್ರೆ ಮೊದ್ಲು ಡಾಕ್ಟ್ರ ಹತ್ರ ಕೇಳಿ.